ಅಂಗಡಿಯ ಮೇಜಿಗೆ ಕಾಗದದ ವಾಡೆ

ಪುಣೆಯ ಕೋಥರೂಡ್‌ನಲ್ಲಿ ನಾವು ಶನಿವಾರ ಸಂಜೆ ಸೇರುವ ಒಂದು ಗೇಮ್ ಅಂಗಡಿ ಇದೆ. ಅಲ್ಲಿನ ದೊಡ್ಡ ಮೇಜಿನ ಮೇಲಿರುವ ಮನೆ, ಗೋಡೆ, ಗುಡ್ಡ, ಪಾಳುಬಿದ್ದ ಕಟ್ಟಡ ಎಲ್ಲವೂ ಕಾಗದದ್ದು. ಮಾಡಿದ್ದು ನಾನು. ಹೇಗೆ ಮಾಡಿದೆ ಅಂತ ಸುಮಾರು ಜನ ಕೇಳ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವಾರ್‌ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಆಡುವ ಯುದ್ಧದ ಆಟ ಅದು. 28 ಎಂಎಂ ಎತ್ತರದ ಸೈನಿಕರ ಪುಟ್ಟ ಗೊಂಬೆಗಳು (ನಾವು ಮಿನಿ ಅಂತೀವಿ), ಒಂದು ಅಳತೆ ಟೇಪು, ಒಂದಷ್ಟು ದಾಳ. ಮೇಜು 6 ಅಡಿ ಉದ್ದ, 4 ಅಡಿ ಅಗಲ. ಬರೀ ಬಯಲಲ್ಲಿ ಆಡಿದರೆ ಮೊದಲು ಗುಂಡು ಹಾರಿಸಿದವನೇ ಗೆದ್ದ, ಆಟ ಅಲ್ಲಿಗೇ ಮುಗಿಯಿತು. ಅಡಗಲು ಜಾಗ ಬೇಕು, ಸುತ್ತು ಹಾಕಿ ಬರಲು ಗೋಡೆ ಬೇಕು. ಅದೇ ಟೆರೇನ್. ಹೊರಗಿಂದ ತರಿಸುವ ಪ್ಲಾಸ್ಟಿಕ್ ಕಿಟ್ ಚೆನ್ನಾಗಿಯೇ ಇರುತ್ತದೆ, ಆದರೆ ಒಂದು ಮೇಜು ತುಂಬಿಸುವಷ್ಟು ತರಿಸಿದರೆ ಅಂಗಡಿಯವರ ಬಾಡಿಗೆ ದುಡ್ಡು ಅದಕ್ಕೇ ಹೋಗುತ್ತದೆ. ಕಾಗದವಾದರೆ ಹರಿದದ್ದನ್ನು ಮತ್ತೆ ಮುದ್ರಿಸಬಹುದು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಮನೆಯ ಮೇಜಿಗೆ ಮಾಡುವುದೇ ಬೇರೆ, ಅಂಗಡಿಗೆ ಮಾಡುವುದೇ ಬೇರೆ. ಮನೆಯಲ್ಲಿ ನೀವೊಬ್ಬರೇ ಮುಟ್ಟುವುದು. ಅಂಗಡಿಯಲ್ಲಿ ವಡಾಪಾವ್ ತಿಂದ ಕೈ, ಎಂಟು ವರ್ಷದ ಹುಡುಗನ ಕೈ, ಅವಸರದಲ್ಲಿ ಮೇಜು ಖಾಲಿ ಮಾಡುವವರ ಕೈ, ಎಲ್ಲವೂ ಬೀಳುತ್ತವೆ. ಅಂಗಡಿಯವರು ಬೆಳಗಾವಿ ಕಡೆಯವರು. ನಾನು ಒಂದು ಮೂರಂತಸ್ತಿನ ಗೋಪುರ ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: "ಛಲೋ ಆಗೇತ್ರಿ ಸರ. ಆದ್ರ ರಾತ್ರಿ ಇದನ್ನ ಎಲ್ಲಿ ಇಡೂದು?" ಆ ಪ್ರಶ್ನೆ ಇಟ್ಟುಕೊಂಡೇ ಮುಂದಿನದೆಲ್ಲ ಮಾಡಿದೆ.

ಕಾಗದಕ್ಕೆ ಅಪ್ಪಾ ಬಳವಂತ ಚೌಕಕ್ಕೆ ಹೋಗುತ್ತೇನೆ. ಪುಸ್ತಕ, ಸ್ಟೇಷನರಿ ಅಂದರೆ ಪುಣೆಯವರಿಗೆ ಅದೇ ಜಾಗ ಅಲ್ವಾ. 200ರಿಂದ 220 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಲೆಕ್ಕ) ಮ್ಯಾಟ್ ಕಾರ್ಡ್ ಸಾಕು. ತೀರಾ ದಪ್ಪ ಒಯ್ದರೆ ಝೆರಾಕ್ಸ್ ಅಂಗಡಿಯ ಮಷಿನ್ ನುಂಗಿ ಕೂರುತ್ತದೆ, ಅವನ ಮುಖ ನೋಡಲಾಗುವುದಿಲ್ಲ. ಲೇಸರ್ ಪ್ರಿಂಟೇ ಬೇಕು. ಇಂಕ್‌ಜೆಟ್ ಬಣ್ಣ ಸಾಮಾನ್ಯವಾಗಿ ಒದ್ದೆ ಬೆರಳು ತಾಗಿದರೆ ಹರಡುತ್ತದೆ. ಇನ್ನೊಂದು, ಮುದ್ರಿಸಿ ಕತ್ತರಿಸಿ ಜೋಡಿಸಲು ನೆಟ್‌ನಲ್ಲಿ ಸಿಗುವ ಕಟ್ಟಡಗಳ ಎಷ್ಟೋ ಪಿಡಿಎಫ್ ಅಮೆರಿಕದ ಲೆಟರ್ ಅಳತೆಯವು, 216 ಗುಣಿಸು 279 ಎಂಎಂ. ನಮ್ಮ ಎ4 ಹಾಳೆ 210 ಗುಣಿಸು 297. 'ಫಿಟ್ ಟು ಪೇಜ್' ಒತ್ತಿದರೆ ಅಳತೆ ಕದಲುತ್ತದೆ, ಎ4ಗೆ ಮಾಡಿದ ಬೇರೆ ಸೆಟ್‌ನ ಗೋಡೆಗೆ ಇದರ ಚಾವಣಿ ಕೂರುವುದಿಲ್ಲ. 'ಆಕ್ಚುವಲ್ ಸೈಜ್' ಅಂತ ಅಂಗಡಿಯವನಿಗೆ ಬಾಯಲ್ಲಿ ಹೇಳಿದರೆ ಸಾಲದು, ಪಕ್ಕದಲ್ಲಿ ನಿಂತು ನೋಡಿ. ನಾನು ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಇಂಚಿನ ಚೌಕ ಹಾಕಿರುತ್ತೇನೆ, ಸ್ಕೇಲ್ ಇಟ್ಟು ನೋಡಿಯೇ ದುಡ್ಡು ಕೊಡುವುದು.

ಕತ್ತರಿಸುವ ಮೊದಲು ಮಡಿಕೆ ಗೆರೆ ಎಳೆಯಬೇಕು. ಇಂಕು ಮುಗಿದ ಬಾಲ್‌ಪೆನ್ನು, ಸ್ಟೀಲ್ ಸ್ಕೇಲು, ಅಷ್ಟೇ. ಬ್ಲೇಡಿನಿಂದ ಗೀರಿದರೆ ಮಡಿಕೆ ಏನೋ ಚೂಪಾಗಿ ಬರುತ್ತದೆ, ಆದರೆ ಅಂಗಡಿಯ ಬಳಕೆಗೆ ಅಲ್ಲೇ ಹರಿಯುತ್ತದೆ. ಪೆನ್ನಿನ ಗುಂಡು ಕಾರ್ಡನ್ನು ಒತ್ತಿ ಸಣ್ಣ ಕಾಲುವೆ ಮಾಡುತ್ತದೆ, ನಾರು ತುಂಡಾಗುವುದಿಲ್ಲ. ಮಡಿಚಿದಾಗ ಟೋನರ್ (ಲೇಸರ್ ಪ್ರಿಂಟಿನ ಬಣ್ಣ) ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಕತ್ತರಿಸಿದ ಅಂಚೂ ಬಿಳಿಯೇ. ಅಂಟು ಹಾಕುವ ಮೊದಲು ಬೂದು ಅಥವಾ ಕಂದು ಸ್ಕೆಚ್ ಪೆನ್ನನ್ನು ಮಲಗಿಸಿ ಹಿಡಿದು ಅಂಚಿನುದ್ದಕ್ಕೂ ಒಮ್ಮೆ ಎಳೆದರೆ ಕಾಗದ ಅನ್ನೋ ಗುರುತೇ ಅರ್ಧ ಹೋಗುತ್ತದೆ. ಈ ಒಂದು ಕೆಲಸ ಬಿಟ್ಟವರ ಕಟ್ಟಡ ದೂರದಿಂದಲೇ ಗೊತ್ತಾಗುತ್ತದೆ.

ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಹಾಗೇ ಸುತ್ತಬೇಕು. ಬುರುಜು ಸುತ್ತುವಾಗ ಇದು ಗೊತ್ತಿಲ್ಲದಿದ್ದರೆ ಗುಂಡಗೆ ಬರುವ ಬದಲು ಪಟ್ಟಿ ಪಟ್ಟಿಯಾಗಿ ಮುರಿಯುತ್ತದೆ.

ಅಂಟು ಫೆವಿಕಾಲ್ ಎಂಆರ್, ಟೂತ್‌ಪಿಕ್ ತುದಿಯಲ್ಲಿ ತೆಳ್ಳಗೆ. ಜಾಸ್ತಿ ಬಳಿದರೆ ನೀರು ಕುಡಿದು ಕಾರ್ಡ್ ಅಲೆಅಲೆಯಾಗುತ್ತದೆ. ಒಳಗೆ ಕೊರಿಯರ್ ಡಬ್ಬದ ರಟ್ಟನ್ನು ಕೂಡಿಸು ಗುರುತಿನ ಆಕಾರದಲ್ಲಿ ನಿಲ್ಲಿಸುತ್ತೇನೆ. ರಟ್ಟಿನ ಒಳಗಿನ ಅಲೆಗಳು ಮೇಲಿಂದ ಕೆಳಕ್ಕೆ ಇರಬೇಕು, ಆಗಲೇ ಭಾರ ತಡೆಯುವುದು. ತಳಕ್ಕೆ ಸನ್‌ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆ, ಅದರಡಿ ಬೋಹರಿ ಆಳಿಯ ಹಾರ್ಡ್‌ವೇರ್ ಪೇಟೆಯಲ್ಲಿ ತೂಕದ ಲೆಕ್ಕದಲ್ಲಿ ತಂದ ಕಬ್ಬಿಣದ ವಾಷರ್. ಇಲ್ಲದಿದ್ದರೆ ಫ್ಯಾನ್ ಹಾಕಿದ ಕೂಡಲೇ ಊರಿಗೆ ಊರೇ ಎದ್ದು ನಡೆಯುತ್ತದೆ.

ಅಳತೆ ವಿಷಯ. 28 ಎಂಎಂ ಮಿನಿಗೆ ಸುಮಾರು 1:56 ಪ್ರಮಾಣ ಅಂತ ಇಟ್ಟುಕೊಳ್ಳುತ್ತೇವೆ, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಾಗಂತ ಮನೆಯನ್ನೂ ಅದೇ ಲೆಕ್ಕದಲ್ಲಿ ಕಟ್ಟಿದರೆ ಎರಡು ಮನೆಗೇ ಮೇಜು ಭರ್ತಿ. ಬಾಗಿಲು, ಕಿಟಕಿ ಸರಿಯಾದ ಅಳತೆಯಲ್ಲಿಟ್ಟು ಮನೆಯ ಹರವನ್ನು ಕುಗ್ಗಿಸಬೇಕು, ಕಣ್ಣು ಒಪ್ಪಿಕೊಳ್ಳುತ್ತದೆ. ಮಿನಿ ನಿಲ್ಲುವ ತಟ್ಟೆಯೇ 25 ಅಥವಾ 32 ಎಂಎಂ ಇರುತ್ತದೆ, ಮೆಟ್ಟಿಲು ಅದಕ್ಕಿಂತ ಕಿರಿದಾದರೆ ಬರೀ ಶೋಕಿಗೆ. ಅಂತಸ್ತಿಗೆ ಮೂರು ಇಂಚು ಎತ್ತರ ಕೊಡುತ್ತೇನೆ, ಕೈ ಒಳಗೆ ಹೋಗಬೇಕಲ್ಲ. ಕೆಳ ಅಂತಸ್ತಿನ ಕಿಟಕಿಗಳನ್ನು ಕೊರೆಯುವುದೇ ಇಲ್ಲ, ಮುಚ್ಚಿದ ಕದ ಮುದ್ರಿಸುತ್ತೇನೆ. ಕಿಟಕಿಯಿಂದ "ನನ್ನ ಸೈನಿಕನಿಗೆ ನಿನ್ನವನು ಕಾಣಿಸ್ತಾನೆ", "ಇಲ್ಲ ಕಾಣಿಸಲ್ಲ" ಅನ್ನುವ ಜಗಳ ಅರ್ಧಕ್ಕರ್ಧ ಅಲ್ಲೇ ನಿಂತಿತು.

ಎತ್ತಿಡುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಾಳು ಕಟ್ಟಡಗಳಲ್ಲಿ. ಎರಡೇ ಗೋಡೆ, ಒಂದು ಮೂಲೆ. ಒಂದರ ಮೂಲೆಗೆ ಇನ್ನೊಂದನ್ನು ಸೇರಿಸಿ ಜೋಡಿಸಿದರೆ ಇಡೀ ಬೀದಿ ಒಂದು ಡಬ್ಬದಲ್ಲಿ ಕೂರುತ್ತದೆ. ಪೂರ್ತಿ ಮನೆಗಳನ್ನು ಸ್ಟೀಲ್ ಡಬ್ಬಿ ಸೆಟ್ಟಿನ ಹಾಗೆ ಮೂರು ಅಳತೆಯಲ್ಲಿ ಮಾಡಿದೆ, ಚಾವಣಿ ಬೇರೆ, ತಳ ಬೇರೆ, ಗೋಡೆಗಳು ಒಂದರೊಳಗೊಂದು.

ಎಲ್ಲರೂ ಕೈಗೆತ್ತಿಕೊಂಡು ನೋಡುವುದು ವಾಡೆಯ ಹೆಬ್ಬಾಗಿಲನ್ನು. ಪಿಡಿಎಫ್‌ಗಳಲ್ಲಿ ಎಲ್ಲಿ ನೋಡಿದರೂ ಯುರೋಪಿನ ಹಳ್ಳಿ, ಇಲ್ಲವೇ ಬಾಂಬು ಬಿದ್ದ ಊರು. ನಮ್ಮ ಕಡೆಯದೊಂದು ಇರಲಿ ಅಂತ ಇಲ್ಲಿನ ಪೇಶ್ವೆಗಳ ಕೋಟೆ-ಅರಮನೆ ಶನಿವಾರ ವಾಡೆಯ ಹೆಬ್ಬಾಗಿಲು ದಿಲ್ಲಿ ದರವಾಜಾ ನೋಡಿ ಸ್ವಂತವಾಗಿ ಬಿಡಿಸಿದೆ. ವಾಡೆ 1732ರದ್ದು. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಯಿತು, ಕೋಟೆ ಗೋಡೆ, ಬಾಗಿಲುಗಳು ಉಳಿದವು. ಗೋಡೆ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ಆಟಕ್ಕೆ ಇದು ಬಹಳ ಅನುಕೂಲ, ಎರಡು ಬಣ್ಣ ಇದ್ದರೆ ಎತ್ತರ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇಂಥ ಗೋಡೆ ಮುದ್ರಿಸಲು ಫೋಟೋ ಬೇಕಾದರೆ ಮೋಡ ಕವಿದ ದಿನ ಹೋಗಿ, ಗೋಡೆಗೆ ನೇರವಾಗಿ ನಿಂತು ತೆಗೆಯಿರಿ. ಬಿಸಿಲಿದ್ದರೆ ನೆರಳೂ ಜೊತೆಗೇ ಮುದ್ರಣವಾಗಿ, ಮೇಜಿನ ದೀಪ ಒಂದು ಕಡೆ, ಗೋಡೆಯ ನೆರಳು ಇನ್ನೊಂದು ಕಡೆ ಆಗುತ್ತದೆ. ಆ ಬಾಗಿಲಿಗೆ ಆನೆ ಗುದ್ದದಂತೆ ಕಬ್ಬಿಣದ ಮೊಳೆಗಳಿವೆ. ಟೂತ್‌ಪಿಕ್ ತುದಿ ಸಿಕ್ಕಿಸಿದರೆ ನೋಡಲು ಭಾರಿ ಚೆಂದ, ಆದರೆ ಮಕ್ಕಳ ಕೈ ಬಂದು ಹೋಗುವ ಜಾಗ. ನೆರಳು ಸಮೇತ ಮುದ್ರಿಸಿ ಸುಮ್ಮನಾದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪಂದಿರಿಗೆ ಮುಂಚೆ ನಾವೇನು ಆಡ್ತೀವಿ ಅಂತಲೇ ಅರ್ಥ ಆಗುತ್ತಿರಲಿಲ್ಲ. ವಾಡೆ ಮೇಜಿಗೆ ಬಂದ ಮೇಲೆ "ಓ, ದೀಪಾವಳಿ ಕಿಲ್ಲಾ!" ಅಂತಾರೆ. ಇಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಶಿವಾಜಿ ಮಹಾರಾಜರ ಗೊಂಬೆಯನ್ನೂ ಅವರ ಸೈನಿಕರಾದ ಮಾವಳೆಗಳನ್ನೂ ಕೂರಿಸುವುದು ರೂಢಿ. ಆಮೇಲೆ ಅವರಿಗೆ ನಿಯಮ ಹೇಳಿಕೊಡುವ ಕಷ್ಟವೇ ಇಲ್ಲ, ತಾವೇ ದಾಳ ಎತ್ತಿಕೊಳ್ಳುತ್ತಾರೆ.

ಮಳೆಗಾಲ ಮಾತ್ರ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಡ್ ತೇವ ಹೀರಿ ಸೊಟ್ಟಗಾಗುತ್ತದೆ. ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನು ಮೇ ತಿಂಗಳಲ್ಲೇ ಹೊಡೆದು ಮುಗಿಸಿ. ಗಾಳಿಯಲ್ಲಿ ತೇವ ಇರುವಾಗ ಹೊಡೆದರೆ ಬಿಳಿ ಮಂಜು ಕೂತುಬಿಡುತ್ತದೆ, ತೆಗೆಯಲು ಬರುವುದಿಲ್ಲ. ಒಳಮೈಗೂ ಹೊಡೆಯಿರಿ, ಒಂದೇ ಕಡೆ ಬಳಿದರೆ ಇನ್ನೊಂದು ಕಡೆಯಿಂದ ತೇವ ಹೊಕ್ಕು ಗೋಡೆ ಬಾಗುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಪಿಡಿಎಫ್‌ಗಳನ್ನೆಲ್ಲ ಅಂಗಡಿಯ ಕಂಪ್ಯೂಟರಿನಲ್ಲೇ ಹಾಕಿಟ್ಟಿದ್ದೇನೆ. ಗೋಡೆ ಹರಿದರೆ ಕಟ್ಟಡ ಬಿಚ್ಚಬೇಡಿ. ಆ ಒಂದು ಮುಖವನ್ನಷ್ಟೇ 80 ಜಿಎಸ್‌ಎಂ ಹಾಳೆಯಲ್ಲಿ ಮುದ್ರಿಸಿ, ಫೆವಿಸ್ಟಿಕ್ ಬಳಿದು ಹಳೆಯದರ ಮೇಲೇ ಅಂಟಿಸಿ, ಅಂಚಿಗೆ ಸ್ಕೆಚ್ ಪೆನ್ನು ಎಳೆಯಿರಿ.