ಜೋಬು ಅಂದರೆ ಗಟ್ಟಿಮುಟ್ಟು

ಜಪಾನಿ ಕಲಿಯಲು ಶುರು ಮಾಡಿದ ಹೊಸತರಲ್ಲೇ ‘ಜೋಬು’ ಅನ್ನುವ ಪದ ಸಿಕ್ಕಿತು. ನಮ್ಮ ಅಂಗಿಯ ಜೋಬಿನ ಸದ್ದೇ ಅಲ್ವಾ? ಹಾಗಾಗಿ ಪದ ಮರೆಯಲಿಲ್ಲ. ಬಳಸುವುದು ಮಾತ್ರ ಕಷ್ಟವಾಯಿತು. ಪುಸ್ತಕದಲ್ಲಿ ಒಂದು ಕಡೆ ಶೂಗೆ ಜೋಬು ಅಂದಿದ್ದರು, ಇನ್ನೊಂದು ಕಡೆ ಮನುಷ್ಯರ ಮೈಗೆ. ಎರಡಕ್ಕೂ ಬೇರೆ ಬೇರೆ ಇಂಗ್ಲಿಷ್ ಅರ್ಥ ಬರೆದುಕೊಂಡು ಉರು ಹೊಡೆದೆ. ಮಾತಾಡುವಾಗ ಯಾವುದೂ ಬಾಯಿಗೆ ಬರುತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಫೋನಿನಲ್ಲಿ, “ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಕಣೋ, ಇವತ್ತೂ ಮುದ್ದೆ ಕೋಲು ಬಿಡಲಿಲ್ಲ” ಅಂದರು. ಆಗ ಹೊಳೆಯಿತು. ಹಳೇ ಮಂಚಕ್ಕೂ ನಾವು ಅದೇ ಮಾತು ಹೇಳುತ್ತೇವೆ! ಕೂಡಲೇ ನೋಟ್‌ಬುಕ್ಕಿನ ಇಂಗ್ಲಿಷ್ ಸಾಲುಗಳನ್ನು ಹೊಡೆದುಹಾಕಿದೆ.

ಇದರಿಂದ ವ್ಯಾಕರಣವೂ ಸಲೀಸಾಯಿತು. ಜಪಾನಿಯಲ್ಲಿ ‘ತಕಾಯ್’ (ಎತ್ತರದ) ತರಹದ ಪದಗಳು ನಾಮಪದದ ಮುಂದೆ ಹಾಗೇ ನಿಲ್ಲುತ್ತವೆ. ಅದನ್ನೇ ನೋಡಿ ನಾನು ‘ಜೋಬುಯ್ ಕಬನ್’ ಅಂತ ಬರೆದಿದ್ದೆ. ಸೆನ್ಸೇ (ಜಪಾನಿ ಕಲಿಸುವ ಟೀಚರ್) ಕೆಂಪು ಪೆನ್ನಿನಲ್ಲಿ ‘ಯ್’ ಹೊಡೆದು ‘ನ’ ಸೇರಿಸಿದರು. ‘ಜೋಬು ನ ಕಬನ್’, ಗಟ್ಟಿಮುಟ್ಟಾದ ಬ್ಯಾಗು. ನಮ್ಮ ‘ಆದ’ ಇರುವ ಕಡೆ ಅವರ ‘ನ’, ನಮ್ಮ ‘ಆಗಿ’ ಇರುವ ಕಡೆ ಅವರ ‘ನಿ’. ‘ಜೋಬು ನಿ ಸೊದತ್ಸು’ ಅಂದರೆ ಗಟ್ಟಿಮುಟ್ಟಾಗಿ ಬೆಳೆಯುವುದು. ಕನ್ನಡ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಆಮೇಲೆ ದಿನಾ ಮನೆಯ ಒಂದೊಂದು ಸಾಮಾನು ಮುಟ್ಟಿ ಜೋರಾಗಿ ಹೇಳುತ್ತಿದ್ದೆ. ಕುರ್ಚಿ, ಹಗ್ಗ, ಕೊಡೆ. ಕೊಡೆಯ ಕಡ್ಡಿ ಬಾಗಿತ್ತು, ಅದಕ್ಕೆ ‘ಜೋಬು ಜಾ ನಾಯ್’, ಗಟ್ಟಿಮುಟ್ಟಾಗಿಲ್ಲ.

ಎರಡು ಕಡೆ ಮಾತ್ರ ಹುಷಾರಾಗಿರಬೇಕು. ಸುಮ್ನೆ ‘ಗಟ್ಟಿ’ ಅನ್ನುವುದಕ್ಕೆಲ್ಲ ಜೋಬು ಒಗ್ಗುವುದಿಲ್ಲ. ಕಲ್ಲು ಗಟ್ಟಿ ಅನ್ನಲು ‘ಕತಾಯ್’ ಬೇಕು. ಇನ್ನು, ಸಿಕ್ಕವರನ್ನು ಹೇಗಿದ್ದೀರಿ ಅಂತ ಕೇಳಲು ‘ಗೆಂಕಿ’ ಇದೆ. ಜೋಬು ಅನ್ನುವುದು ಸುಲಭಕ್ಕೆ ಕಾಯಿಲೆ ಬೀಳದ ಮೈಕಟ್ಟಿಗೆ.

ಬರೆಯುವುದನ್ನು ಕಲಿತಾಗ ಇನ್ನೊಂದು ಖುಷಿ ಕಾದಿತ್ತು. ‘ಜೋ’ ಅನ್ನುವುದು ಉದ್ದದ ಹಳೆಯ ಅಳತೆ, ‘ಬು’ ಅಂದರೆ ಗಂಡಸು. ಇದೇ ಜೋಡಿ ಅಕ್ಷರಕ್ಕೆ ಇವತ್ತಿನ ಚೀನಿಯಲ್ಲಿ ಗಂಡ ಅನ್ನುವ ಅರ್ಥ. ಇದರ ಮುಂದೆ ‘ದೊಡ್ಡ’ ಅನ್ನುವ ಅಕ್ಷರ ಸೇರಿದರೆ ‘ದಾಯ್‌ಜೋಬು’. ಪರವಾಗಿಲ್ಲ, ಏನೂ ತೊಂದರೆಯಿಲ್ಲ ಅನ್ನಲು ಜಪಾನಿನವರು ದಿನಾ ಹೇಳುವ ಮಾತು. ಅಷ್ಟು ದಿನ ಅದನ್ನು ಬೇರೆಯೇ ಪದ ಅಂದುಕೊಂಡಿದ್ದೆ.

ಮುಂದಿನ ಕ್ಲಾಸಿನಲ್ಲಿ ಸೆನ್ಸೇ ಮನೆಯವರ ಬಗ್ಗೆ ಒಂದು ವಾಕ್ಯ ಕೇಳಿದರು. “ಸೊಬೊ ವ ಕರದ ಗ ಜೋಬು ದೆಸ್” ಅಂದೆ. ನಮ್ಮಜ್ಜಿಯ ಮೈ ಗಟ್ಟಿಮುಟ್ಟಾಗಿದೆ.