ಜೂಡಾಸ್ ಪ್ರೀಸ್ಟ್‌ನ ‘ಟರ್ಬೊ’ ಕೇಳುವುದು ಹೇಗೆ

ಮೊದಲು ಬ್ರಿಟಿಷ್ ಹೆವಿ ಮೆಟಲ್ ತಂಡ ಜೂಡಾಸ್ ಪ್ರೀಸ್ಟ್‌ನ 1984ರ ಆಲ್ಬಮ್ ‘ಡಿಫೆಂಡರ್ಸ್ ಆಫ್ ದ ಫೇತ್’ ಹಾಕಿ, ಎರಡು ಹಾಡು ಸಾಕು. ಆ ಗಿಟಾರಿನ ಒರಟುತನ ಕಿವಿಯಲ್ಲಿ ಉಳಿದಿರುವಾಗಲೇ 1986ರ ‘ಟರ್ಬೊ’ಗೆ ಬನ್ನಿ. ಬದಲಾವಣೆ ಎಷ್ಟು ದೊಡ್ಡದು ಎಂದು ಆಗಲೇ ಗೊತ್ತಾಗುತ್ತದೆ.

‘ಟರ್ಬೊ ಲವರ್’ ಅನ್ನು ಹೆಡ್‌ಫೋನಿನಲ್ಲೇ ಕೇಳಿ. ಕೀಬೋರ್ಡ್ ತರಹ ಕೇಳಿಸುವ ಆ ಸದ್ದಿಗೆ ಮುಖ ತಿರುಗಿಸಬೇಡಿ. ತಂಡದ ಗಿಟಾರ್ ವಾದಕರಾದ ಗ್ಲೆನ್ ಟಿಪ್ಟನ್, ಕೆ.ಕೆ. ಡೌನಿಂಗ್ ಇಬ್ಬರೂ ಇಲ್ಲಿ ಗಿಟಾರ್ ಸಿಂಥಸೈಜರ್ ಬಳಸಿದ್ದಾರೆ. ತಂತಿ ಮೀಟಿದರೆ ಸಿಂಥ್ ಸದ್ದು ಬರುತ್ತದೆ. ಹಾಡು ನಿಧಾನಕ್ಕೆ ಬಿಗಿಯಾಗುತ್ತಾ ಹೋಗುತ್ತದೆ. ಸೋಲೋ ಬರುವವರೆಗೂ ಕಾಯಿರಿ.

ಆಮೇಲೆ ನೇರವಾಗಿ ‘ಔಟ್ ಇನ್ ದ ಕೋಲ್ಡ್’. ನನ್ನ ಪ್ರಕಾರ ಇಡೀ ಆಲ್ಬಮ್ಮಿನ ಜೀವ ಇಲ್ಲಿದೆ. ಸಿಂಥ್‌ನ ಉದ್ದನೆಯ ಆರಂಭ ದಾಟಿ ಗಾಯಕ ರಾಬ್ ಹಾಲ್ಫರ್ಡ್ ದನಿ ಬರುತ್ತದಲ್ವಾ, ಅಲ್ಲಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ. ಇದನ್ನು ರೇಡಿಯೋ ಸರಕು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

‘ಪೇರೆಂಟಲ್ ಗೈಡೆನ್ಸ್’ ಕೇಳುವ ಮುನ್ನ ಒಂದು ವಿಷಯ ತಿಳಿದಿರಲಿ. 1985ರಲ್ಲಿ ಅಮೆರಿಕದ ಪಿಎಂಆರ್‌ಸಿ (ಪೇರೆಂಟ್ಸ್ ಮ್ಯೂಸಿಕ್ ರಿಸೋರ್ಸ್ ಸೆಂಟರ್) ಎಂಬ ಪೋಷಕರ ಗುಂಪು ಹದಿನೈದು ಹಾಡುಗಳನ್ನು ಕೆಟ್ಟವು ಎಂದು ಪಟ್ಟಿ ಮಾಡಿತ್ತು. ಅದರಲ್ಲಿ ಪ್ರೀಸ್ಟ್‌ನದೂ ಒಂದಿತ್ತು. ಈ ಹಾಡು ಅದಕ್ಕೆ ಉತ್ತರ.

‘ವೈಲ್ಡ್ ನೈಟ್ಸ್’ ಬಿಟ್ಟರೂ ನಷ್ಟವಿಲ್ಲ. ‘ರೆಕ್‌ಲೆಸ್’ ಮಾತ್ರ ಬಿಡಬೇಡಿ.

ಕೊನೆಗೆ, ಅದೇ ದಿನ ಇದೇ ತಂಡದ 1990ರ ಆಲ್ಬಮ್ ‘ಪೇನ್‌ಕಿಲ್ಲರ್’ ಹಾಕಬೇಡಿ. ಅದರ ವೇಗದ ಮುಂದೆ ‘ಟರ್ಬೊ’ ಸುಮ್ನೆ ಸಪ್ಪೆ ಅನ್ನಿಸಿಬಿಡುತ್ತದೆ.