ಹಳೇ ಬ್ಲೂಸ್ ಕೇಳೋಕೆ ನಾನು ಹಿಡಿದ ದಾರಿ

ಅಮೆರಿಕದ ಕರಿಯರ ಹಾಡುಗಾರಿಕೆಯಾದ ಬ್ಲೂಸ್ ಕೇಳೋಕೆ ಎಲ್ಲಿಂದ ಶುರು ಮಾಡಲಿ ಅಂತ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ರಾಬರ್ಟ್ ಜಾನ್ಸನ್. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿದ ಕತೆಯೂ ಜೊತೆಗೇ ಬರುತ್ತದೆ. 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ ಅವರು ಹಾಡಿದ 29 ಹಾಡುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪಳಗದ ಕಿವಿಗೆ ಅವು ಒಂದೇ ಥರ ಕೇಳಿಸುತ್ತವೆ. ನಾನು ಬೇರೆ ಬಾಗಿಲಿಂದ ಒಳಗೆ ಹೋದೆ.

ಆ ಬಾಗಿಲು ಅಮೆರಿಕದ ಹಳೇ ಜಾನಪದ ರೆಕಾರ್ಡುಗಳಿಂದ ಹ್ಯಾರಿ ಸ್ಮಿತ್ ಎಂಬಾತ ಆರಿಸಿ ಜೋಡಿಸಿದ ಸಂಗ್ರಹ. 1952ರಲ್ಲಿ ಫೋಕ್‌ವೇಸ್ ಕಂಪನಿ ಅದನ್ನು ಆರು ಎಲ್‌ಪಿ ತಟ್ಟೆಗಳಲ್ಲಿ ಹೊರತಂದಿತು. 84 ಹಾಡುಗಳು, ಹೆಚ್ಚಿನವು 1927ರಿಂದ 1932ರ ನಡುವಿನವು. ಈ ಗಡಿಗೆ ಕಾರಣ ಇದೆ. ಮೈಕ್ ಇಟ್ಟು ರೆಕಾರ್ಡ್ ಮಾಡುವ ಪದ್ಧತಿ ಬಂದದ್ದು 1925ರಲ್ಲಿ. ಅದಕ್ಕೂ ಮುಂಚೆ ದೊಡ್ಡ ಕೊಳವೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು. ಇನ್ನೊಂದು ತುದಿಯಲ್ಲಿ ಆರ್ಥಿಕ ಕುಸಿತ ಬಂದು ರೆಕಾರ್ಡ್ ಕೊಳ್ಳುವವರೇ ಇಲ್ಲದಾದರು.

84 ಹಾಡನ್ನೂ ಸಾಲಾಗಿ ಕೇಳಲು ನಾನು ಹೋಗಲಿಲ್ಲ. ಅದರಲ್ಲಿ ಒಬ್ಬರನ್ನು ಹಿಡಿದುಕೊಂಡೆ, ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್. ಹೊಲದಲ್ಲಿ ದುಡಿಯುತ್ತಿದ್ದ ಕರಿಯ ಮನುಷ್ಯ. ಕೂಗಾಟ ಇಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾರೆ. ಕೊಳವೆಯ ಕಾಲದಲ್ಲಿ ಈ ದನಿ ರೆಕಾರ್ಡಿಗೆ ಇಳಿಯುತ್ತಲೇ ಇರಲಿಲ್ಲವೇನೋ.

ಕೇಳುವಾಗ ನಾನು ಇಟ್ಟುಕೊಂಡ ನಿಯಮ ಸಣ್ಣದು. ಆ ಕಾಲದ ಹತ್ತಿಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು. ಒಂದು ಮಗ್ಗುಲು ಮುಗಿದ ಮೇಲೆ ಅದನ್ನೇ ಮತ್ತೆ ಹಾಕುವುದು. ಮೊದಲ ಸಲ ಮಾತು, ಎರಡನೇ ಸಲ ಬರೀ ಹೆಬ್ಬೆರಳು. ಹರ್ಟ್ ಗಿಟಾರ್‌ನಲ್ಲಿ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ಕೆಳಗೆ ಒಂದು ಮೇಲೆ ಅಂತ ಬಡಿಯುತ್ತಲೇ ಇರುತ್ತದೆ. ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡಿನ ಧಾಟಿ ನುಡಿಸುತ್ತವೆ. ಹೆಬ್ಬೆರಳನ್ನು ತೊಡೆಯ ಮೇಲೆ ತಟ್ಟುತ್ತಾ ಕೇಳಿ ನೋಡಿ. ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸಿದ್ದು ಒಬ್ಬರದೇ ಕೈ ಅಂತ ಗೊತ್ತಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ಮುಂದೆ ಊರು, ವರ್ಷ, ಕಂಪನಿ ಬರೆಯುತ್ತಾ ಹೋದೆ. ನಿಜವಾದ ಪಾಠ ಸಿಕ್ಕಿದ್ದು ಇಲ್ಲಿ. ಹರ್ಟ್ ಅವರನ್ನು ಓಕೆ ಎಂಬ ರೆಕಾರ್ಡ್ ಕಂಪನಿಗೆ ಪರಿಚಯಿಸಿದ್ದು ಅದೇ ಸೀಮೆಯ ಬಿಳಿಯ ಪಿಟೀಲುಗಾರ ವಿಲ್ಲಿ ನಾರ್ಮರ್. 1928ರಲ್ಲಿ ಮೆಂಫಿಸ್‌ನಲ್ಲಿ ಹರ್ಟ್ ಹಾಡಿದ 'ಫ್ರ್ಯಾಂಕಿ', ಕೈಕೊಟ್ಟ ಗಂಡಸಿಗೆ ಗುಂಡು ಹಾರಿಸಿದ ಹೆಂಗಸಿನ ಕತೆ. ಅದೇ ಕತೆಯನ್ನು 1929ರಲ್ಲಿ ಬಿಳಿಯ ಹಾಡುಗಾರ ಜಿಮ್ಮಿ ರಾಡ್ಜರ್ಸ್ ಕೂಡ ಹಾಡಿದರು. ಕಂಪನಿಗಳು ಮಾತ್ರ ಕರಿಯರಿಗೆ ಒಂದು ಪಟ್ಟಿ, ಬಿಳಿಯರಿಗೆ ಇನ್ನೊಂದು ಪಟ್ಟಿ ಮಾಡಿ ಮಾರುತ್ತಿದ್ದವು. ಹ್ಯಾರಿ ಸ್ಮಿತ್ ಹಾಡುಗಾರರ ಬಣ್ಣ ಹೇಳಲೇ ಇಲ್ಲ. ಹರ್ಟ್ ಬಿಳಿಯರು ಅಂತ ಎಷ್ಟೋ ಕೇಳುಗರು ಅಂದುಕೊಂಡಿದ್ದರಂತೆ. ಎರಡೂ ಹಾಡನ್ನು ಒಂದರ ಹಿಂದೆ ಒಂದು ಹಾಕಿದರೆ ಆ ಪಟ್ಟಿಗಳು ಎಷ್ಟು ಸುಳ್ಳು ಅಂತ ಕಿವಿಯೇ ಹೇಳುತ್ತದೆ.

ನನಗೆ ಇಷ್ಟವಾದದ್ದು 1928ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ 'ಅವಲಾನ್ ಬ್ಲೂಸ್'. ಬೆಳಿಗ್ಗೆ ಒಂಬತ್ತೂವರೆಗೆ ನ್ಯೂಯಾರ್ಕ್ ಮುಟ್ಟಿದೆ, ಮನಸ್ಸೆಲ್ಲ ನನ್ನೂರು ಅವಲಾನ್‌ನಲ್ಲೇ ಇದೆ ಅಂತ ಹಾಡುತ್ತಾರೆ. ಆಮೇಲೆ ಊರಿಗೆ ಹೋದರು, ಜನ ಮರೆತರು. ಈ ಹಾಡಿನಲ್ಲಿದ್ದ ಊರಿನ ಹೆಸರು ಹಿಡಿದು ಟಾಮ್ ಹಾಸ್ಕಿನ್ಸ್ ಎಂಬಾತ ಹಳೇ ನಕ್ಷೆಯಲ್ಲಿ ಅವಲಾನ್ ಹುಡುಕಿ 1963ರಲ್ಲಿ ಅಲ್ಲಿಗೆ ಹೋದರು. ಹರ್ಟ್ ಅಲ್ಲೇ ಇದ್ದರು! ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದರು, 1966ರಲ್ಲಿ ತೀರಿಕೊಳ್ಳುವವರೆಗೂ ಹಾಡುತ್ತಲೇ ಇದ್ದರು.

ಹಾಗಾಗಿ ಒಬ್ಬರೇ ಮನುಷ್ಯನ ಒಂದೇ ಹಾಡು, ಮೂವತ್ತೈದು ವರ್ಷದ ಅಂತರದಲ್ಲಿ ಎರಡು ಸಲ ಸಿಗುತ್ತದೆ. 'ಫ್ರ್ಯಾಂಕಿ' 1928ರಲ್ಲಿ ಓಡುತ್ತದೆ. ಅರವತ್ತರ ದಶಕದಲ್ಲಿ ನಡೆಯುತ್ತದೆ, ದನಿ ಇಳಿದಿದೆ. ಹೆಬ್ಬೆರಳು ಮಾತ್ರ ಹಾಗೇ ಇದೆ.

ಇಷ್ಟು ಪಳಗಿದ ಮೇಲೆ ಗದ್ದಲದ ರೆಕಾರ್ಡುಗಳಿಗೆ ಹೋದೆ. ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಾರ್ಖಾನೆಯವರ ಪ್ಯಾರಾಮೌಂಟ್ ಕಂಪನಿಯ ತಟ್ಟೆಗಳು ಕಳಪೆ. ಹಾಡಿನ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ. ಆದರೂ 1931ರಲ್ಲಿ ಅಲ್ಲಿ ಹಾಡಿದ ಸ್ಕಿಪ್ ಜೇಮ್ಸ್ ಅವರನ್ನು ಬಿಡೋಕಾಗಲ್ಲ. ಗಿಟಾರ್ ಶ್ರುತಿಯೇ ಬೇರೆ, ಮೇಲಿನ ಸ್ಥಾಯಿಯ ಆ ದನಿಯೂ ಬೇರೆ. ಒಂದು ಮಾತು: ಗದ್ದಲವನ್ನು ಪೂರ್ತಿ ತೊಳೆದ ಪ್ರತಿಗಳನ್ನು ನಾನು ಕೇಳಲ್ಲ. ಚಟಪಟದ ಜೊತೆಗೆ ತಂತಿಗೆ ಉಗುರು ತಾಗುವ ಸದ್ದೂ ಹೋಗಿಬಿಟ್ಟಿರುತ್ತದೆ.

ಹಾಡಿನ ಇಂಗ್ಲಿಷ್ ಅರ್ಥವಾಗಲ್ಲ ಅನ್ನುವ ಗೆಳೆಯರಿಗೆ ನಾನು ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಡಲ್ಲಾಸ್‌ನಲ್ಲಿ ಮಾಡಿದ ಒಂದು ರೆಕಾರ್ಡ್ ಕೇಳಿಸುತ್ತೇನೆ. ಅದರಲ್ಲಿ ಮಾತೇ ಇಲ್ಲ, ಗುನುಗು ಮತ್ತು ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ಅಷ್ಟೇ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆಯಲ್ಲಿ ಅದೂ ಹೋಯಿತು, ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಹೋಯಿತು. ಎರಡನ್ನೂ ಒಟ್ಟಿಗೆ ಕೇಳಿಸುತ್ತೇನೆ, ಪೂರ್ವಪೀಠಿಕೆ ಏನೂ ಹೇಳಲ್ಲ.

ಈಗ 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಊರಿನಲ್ಲಿ ಮಾಡಿದ ರೆಕಾರ್ಡಿಂಗ್‌ಗಳಿಗೆ ಬಂದಿದ್ದೇನೆ. ಅಲ್ಲಿ ಹಾಡಿದ ಕಾರ್ಟರ್ ಕುಟುಂಬದ ಮೇಬೆಲ್ ಅವರ ಹೆಬ್ಬೆರಳು ಗಿಟಾರ್‌ನ ದಪ್ಪ ತಂತಿಯಲ್ಲೇ ಧಾಟಿ ನುಡಿಸುತ್ತದೆ, ಹರ್ಟ್ ಅವರದ್ದಕ್ಕೆ ಪೂರ್ತಿ ಉಲ್ಟಾ.